ಬರಿದಾದ ರಂಗ: ವೀಲಾಂಡ್ ವಾಗ್ನರನ ನಿರ್ದೇಶನಕಲೆ

ನಾಟಕಕ್ಕೆ ರಂಗಸಜ್ಜು ಎಷ್ಟು ಬೇಕು ಎಂಬುದು ಬಹಳ ಹಳೆಯ ಚರ್ಚೆ. ಅರಮನೆಯನ್ನು ಪರದೆಯ ಮೇಲೆ ಬರೆದು ತೋರಿಸಬೇಕೆ, ಅಥವಾ ನಟನ ಮಾತಿನಿಂದಲೂ ಅಭಿನಯದಿಂದಲೂ ಅದು ಪ್ರೇಕ್ಷಕನ ಮನಸ್ಸಿನಲ್ಲಿ ತಾನಾಗಿ ಮೂಡಬೇಕೆ ಎಂಬ ಪ್ರಶ್ನೆಗೆ ಒಂದೊಂದು ಕಾಲವೂ ತನಗೆ ತೋರಿದ ಉತ್ತರವನ್ನು ಕೊಟ್ಟಿದೆ. 1951ನೆಯ ಇಸವಿ ಜುಲೈ 30ರಂದು ಜರ್ಮನಿಯ ಬೈರಾಯ್ಟ್ ಪಟ್ಟಣದಲ್ಲಿ ದೊರೆತ ಉತ್ತರವು ಐರೋಪ್ಯ ಸಂಗೀತನಾಟಕದ ಚರಿತ್ರೆಯಲ್ಲಿ ಒಂದು ಘಟ್ಟವೆನಿಸಿತು. ಅಂದು ‘ಪಾರ್ಸಿಫಾಲ್’ ಎಂಬ ಸಂಗೀತನಾಟಕದ ಪ್ರಯೋಗ. ತೆರೆ ಸರಿದಾಗ ಜನರು ಕಾದಿದ್ದ ಮರಗಿಡಗಳಿರಲಿಲ್ಲ, ದೇಗುಲದ ಗೋಡೆಗಳಿರಲಿಲ್ಲ. ಕತ್ತಲೆ, ಅದರೊಳಗೆ ಮೆಲ್ಲನೆ ಸಂಚರಿಸುವ ಬೆಳಕು, ಆ ಬೆಳಕಿನಲ್ಲಿ ನಿಶ್ಚಲವಾಗಿ ನಿಂತ ಕೆಲವು ಆಕೃತಿಗಳು, ಇಷ್ಟೇ. ನಿರ್ದೇಶಕನು ಆ ನಾಟಕವನ್ನು ರಚಿಸಿದ ರಿಚರ್ಡ್ ವಾಗ್ನರನ ಮೊಮ್ಮಗನಾದ ವೀಲಾಂಡ್ ವಾಗ್ನರ್. ಆಗ ಅವನಿಗೆ 34 ವರ್ಷ. ರಂಗವನ್ನು ಹೀಗೆ ಬರಿದುಮಾಡಿದ್ದು ಕಲೆಯ ಹಂಬಲವೋ ಮರೆವಿನ ಹಂಬಲವೋ ಎಂಬ ಪ್ರಶ್ನೆಯನ್ನು ಬಿಟ್ಟು ಅವನ ಕೃತಿಯನ್ನು ಬೆಲೆಕಟ್ಟಲಾಗದು.

ಅವನಿಗೆ ಬಂದ ಪಿತ್ರಾರ್ಜಿತವು ಎಂತಹುದೆಂಬುದನ್ನು ಮೊದಲು ತಿಳಿಯಬೇಕು. ಬೈರಾಯ್ಟಿನ ನಾಟ್ಯಮಂದಿರವನ್ನು ರಿಚರ್ಡ್ ವಾಗ್ನರನು ತನ್ನ ಕೃತಿಗಳಿಗೆಂದೇ ಕಟ್ಟಿಸಿದನು. 1876ರಲ್ಲಿ, ನಾಲ್ಕು ನಾಟಕಗಳ ಮಾಲೆಯಾದ ‘ನೀಬೆಲುಂಗನ ಉಂಗುರ’ದೊಡನೆ ಅದರ ಪ್ರಾರಂಭವಾಯಿತು. ವಾದ್ಯಗಾರರು ಪ್ರೇಕ್ಷಕರ ಕಣ್ಣಿಗೆ ಬೀಳದಂತೆ ಅವರನ್ನು ರಂಗದ ಕೆಳಗಿನ ಹಳ್ಳದಲ್ಲಿ ಕೂರಿಸಿದ್ದು ಆ ಮಂದಿರದ ವಿಶೇಷ. ವಾದ್ಯವನ್ನು ಮರೆಮಾಡಿದ ಆ ಮಹಾಕವಿ ರಂಗದ ಮೇಲೆ ಮಾತ್ರ ಘಟಸರ್ಪ, ಕುದುರೆ, ಕಾಮನಬಿಲ್ಲು ಎಲ್ಲವನ್ನೂ ಕಣ್ಣಾರೆ ಕಾಣಿಸಬೇಕೆಂದು ಬಯಸಿದನು. 1883ರಲ್ಲಿ ಅವನು ತೀರಿಕೊಂಡ ತರುವಾಯ ಪತ್ನಿಯಾದ ಕೋಸಿಮಳು ಆ ಏರ್ಪಾಟಿನಲ್ಲಿ ಒಂದು ಎಳೆಯೂ ಕದಲದಂತೆ ಕಾದಳು. ‘ಪಾರ್ಸಿಫಾಲ್’ ನಾಟಕಕ್ಕೆ 1882ರಲ್ಲಿ ಬರೆದ ಪರದೆಗಳೇ 1933ರವರೆಗೂ ನಡೆದವು. ಸ್ವಿಟ್ಸರ್ಲೆಂಡಿನ ಅಡಾಲ್ಫ್ ಆಪಿಯಾ ಎಂಬ ರಂಗಚಿಂತಕನು, ವಾಗ್ನರನ ನಾಟಕಕ್ಕೆ ನಿಜವಾದ ದೃಶ್ಯವು ಸಂಗೀತದಲ್ಲಿಯೇ ಇದೆ, ಬಣ್ಣದ ಪರದೆಯನ್ನು ತೆಗೆದು ಬೆಳಕನ್ನು ಸಂಗೀತದಂತೆ ಹರಿಯಬಿಡಬೇಕು ಎಂದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ವಾದಿಸಿದ್ದನು. ಕೋಸಿಮಳು ಅದನ್ನು ಒಪ್ಪಲಿಲ್ಲ. ಆದಕಾರಣ ವೀಲಾಂಡನ ಬರಿದಾದ ರಂಗವು ಪೂರ್ತಿಯಾಗಿ ಅವನದೇ ಕಲ್ಪನೆಯಲ್ಲ. ಆದರೆ ಆ ಮನೆಯೊಳಗೇ ಅದನ್ನು ಸಾಧಿಸಿ ತೋರಿಸಿದ ಧೈರ್ಯ ಅವನದು.

ಪಿತ್ರಾರ್ಜಿತದಲ್ಲಿ ಮತ್ತೊಂದು ಪಾಲೂ ಇದ್ದಿತು, ಅದು ಕಹಿಯಾದುದು. ವೀಲಾಂಡನು 1917ನೆಯ ಜನವರಿ 5ರಂದು ಬೈರಾಯ್ಟಿನಲ್ಲಿ ಹುಟ್ಟಿದನು. ತಂದೆ ಸೀಗ್‌ಫ್ರೀಡನು 1930ರಲ್ಲಿ ತೀರಿಕೊಂಡ ಮೇಲೆ ಉತ್ಸವದ ಆಡಳಿತವು ತಾಯಿ ವಿನಿಫ್ರೆಡಳ ಕೈಗೆ ಬಂದಿತು. ಹುಟ್ಟಿನಿಂದ ಇಂಗ್ಲಿಷಿನವಳಾದ ಈಕೆ ಹಿಟ್ಲರನ ಆಪ್ತಳು. 1923ರಿಂದಲೂ ಆ ಮನೆಗೆ ಬಂದುಹೋಗುತ್ತಿದ್ದ ಹಿಟ್ಲರನು ಮಕ್ಕಳಿಗೆ ಸಲಿಗೆಯ ಅತಿಥಿ; ಹಿರಿಯ ಮಗನಾದ ವೀಲಾಂಡನ ಮೇಲೆ ಅವನಿಗೆ ವಿಶೇಷ ಅಕ್ಕರೆ. ತಮ್ಮ ವೋಲ್ಫ್‌ಗಾಂಗನು ಯುದ್ಧದಲ್ಲಿ ಗಾಯಗೊಂಡು ಬಂದರೆ ಅಣ್ಣನಿಗೆ ಹಿಟ್ಲರನ ಕೃಪೆಯಿಂದ ಸೈನ್ಯದ ಸೇವೆಯೇ ತಪ್ಪಿತು. ಅವನು ಮ್ಯೂನಿಕ್ಕಿನಲ್ಲಿ ಚಿತ್ರಕಲೆಯನ್ನು ಕಲಿತನು. 1937ರಲ್ಲಿ ‘ಪಾರ್ಸಿಫಾಲ್’ ನಾಟಕಕ್ಕೆ ದೃಶ್ಯಗಳನ್ನು ರಚಿಸಿದನು. 1938ರಲ್ಲಿ ನಾಟ್ಸಿ ಪಕ್ಷವನ್ನು ಸೇರಿದನು. 1944ರ ಸೆಪ್ಟೆಂಬರಿನಿಂದ ಯುದ್ಧದ ಕೊನೆಯವರೆಗೆ ಬೈರಾಯ್ಟಿನದೇ ಒಂದು ಸಂಶೋಧನಾಲಯದಲ್ಲಿ ಅವನಿಗೆ ಉದ್ಯೋಗ. ಅದರ ಮುಖ್ಯಸ್ಥನು ಅವನ ತಂಗಿಯ ಗಂಡ. ಆಯುಧಗಳ ಸಂಶೋಧನೆ ನಡೆಯುತ್ತಿದ್ದ ಆ ಸ್ಥಳವು ಫ್ಲೋಸೆನ್‌ಬುರ್ಗ್ ಸೆರೆಶಿಬಿರದ ಒಂದು ಶಾಖೆ. ಅಲ್ಲಿ ದುಡಿದವರು ಬಂದಿಗಳು. ಇದೆಲ್ಲವೂ ಲೋಕಕ್ಕೆ ವಿಶದವಾಗಿ ತಿಳಿದುದು ಅವನು ಸತ್ತು ಬಹುಕಾಲವಾದ ಮೇಲೆ.

ಯುದ್ಧವು ಮುಗಿದ ಮೇಲೆ ವೀಲಾಂಡನು ಕೆಲವು ವರ್ಷ ಕಾನ್‌ಸ್ಟನ್ಸ್ ಸರೋವರದ ದಡದ ನುಸ್‌ಡಾರ್ಫ್ ಎಂಬ ಊರಿನಲ್ಲಿ ಏಕಾಂತವಾಗಿದ್ದು ತಾತನ ಕೃತಿಗಳನ್ನು ಹೊಸದಾಗಿ ವ್ಯಾಸಂಗ ಮಾಡಿದನು. 1949ರಲ್ಲಿ ವಿನಿಫ್ರೆಡಳು ಹಕ್ಕನ್ನು ಮಕ್ಕಳಿಗೆ ಬಿಟ್ಟುಕೊಟ್ಟಳು. ಆಡಳಿತದ ಹೊರೆಯನ್ನು ಮುಖ್ಯವಾಗಿ ವೋಲ್ಫ್‌ಗಾಂಗನು ಹೊತ್ತನು. ರಂಗವು ವೀಲಾಂಡನ ಪಾಲಿಗೆ ಬಂದಿತು.

ಅವನು ರಂಗದಲ್ಲಿ ಮಾಡಿದ್ದೇನು? ‘ಉಂಗುರ’ದ ನಾಟಕಗಳಿಗೆ ಇಳಿಜಾರಾದ ಒಂದು ದುಂಡು ಜಗಲಿ, ಹಿಂದೆ ಅಗಲವಾದ ಬಯಲುಪರದೆ. ಮಿಕ್ಕುದೆಲ್ಲ ಬೆಳಕಿನ ಕೆಲಸ. ಅದರಲ್ಲಿ ಪಾಲ್ ಎಬರ್‌ಹಾರ್ಟ್ ಎಂಬ ದೀಪತಜ್ಞನು ಅವನ ಬಲಗೈ. ಕಾಡೆಂದರೆ ನೆಟ್ಟನೆ ಇಳಿಯುವ ಕೆಲವು ಬೆಳಕಿನ ರೇಖೆಗಳು. ದೇಗುಲವೆಂದರೆ ಕತ್ತಲೆಯಲ್ಲಿ ಕಂಬಗಳ ಸುಳಿವು. ಗಾಯಕರು ಕೈಬೀಸಿ ಓಡಾಡುವ ಹಳೆಯ ವಾಡಿಕೆಯು ನಿಂತಿತು. ಒಮ್ಮೆ ತಲೆ ತಿರುಗಿಸಿದರೆ ಅದೇ ಒಂದು ಘಟನೆ. ಎರಡು ಹೆಜ್ಜೆ ಇಟ್ಟರೆ ಒಂದು ನಿರ್ಧಾರ. ಹಳೆಯ ಅಭಿಮಾನಿಗಳಿಗೆ ಇದರಿಂದ ನೋವಾಯಿತು. ವಾದ್ಯಮೇಳದ ನಾಯಕನಾದ ಹಾನ್ಸ್ ಕ್ನಾಪರ್ಟ್ಸ್‌ಬುಷ್ ಎಂಬ ಹಿರಿಯನಂತೂ, ಕೊನೆಯ ದೃಶ್ಯದಲ್ಲಿ ಕವಿ ಹೇಳಿರುವ ಬಿಳಿಯ ಪಾರಿವಾಳವು ಇಳಿದುಬರಲಿಲ್ಲವೆಂದು ಮುನಿದನು. ಆದರೆ ಇಂತಹ ಆಕ್ಷೇಪಣೆಯು ಬಹುಕಾಲ ನಿಲ್ಲತಕ್ಕದ್ದಲ್ಲ. ಸಂಗೀತವು ಪಾರಿವಾಳವನ್ನು ಇಳಿಸುತ್ತಿರುವಾಗ ದಾರದಲ್ಲಿ ಕಟ್ಟಿದ ಹಕ್ಕಿ ಏಕೆ? ನಮ್ಮ ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ, ವಾಚ್ಯದ ಭಾರದಲ್ಲಿ ಕುಸಿದಿದ್ದ ಕೃತಿಗೆ ವೀಲಾಂಡನು ಧ್ವನಿಯನ್ನು ಮರಳಿ ತಂದುಕೊಟ್ಟನು. ಆ ‘ಪಾರ್ಸಿಫಾಲ್’ 1973ರವರೆಗೂ ಬೈರಾಯ್ಟಿನಲ್ಲಿ ನಡೆದುಬಂದಿತೆಂಬುದು ಅದರ ಸತ್ತ್ವಕ್ಕೆ ಸಾಕ್ಷಿ.

ಇನ್ನೊಂದು ಆಕ್ಷೇಪಣೆ ಹೀಗೆ ಸುಲಭವಾಗಿ ತೀರುವುದಲ್ಲ. 1951ರಲ್ಲಿ ಉತ್ಸವಕ್ಕೆ ಬಂದ ಅತಿಥಿಗಳಿಗೆ ಸೋದರರಿಬ್ಬರೂ ಒಂದು ಪ್ರಕಟನೆಯನ್ನು ಹೊರಡಿಸಿದರು: ಆ ಗುಡ್ಡದ ಮೇಲೆ ರಾಜಕೀಯದ ಮಾತು ಬೇಡ, ಅಲ್ಲಿ ಕಲೆಯೊಂದೇ ಮುಖ್ಯ ಎಂಬುದು ಅದರ ಸಾರಾಂಶ. ಆರು ವರ್ಷಗಳ ಹಿಂದೆ ಅದೇ ಊರಿನಲ್ಲಿ ಬಂದಿಗಳು ದುಡಿಯುತ್ತಿದ್ದರು. ಹಿಟ್ಲರನು ಅದೇ ಮಂದಿರದಲ್ಲಿ ಕುಳಿತು ಅವೇ ನಾಟಕಗಳನ್ನು ನೋಡಿದ್ದನು. ಹಾಗಿರಲು, ರಂಗದಿಂದ ಹೊರಹೋದುದು ಹಳೆಯ ಪರದೆ ಮಾತ್ರವೆ? ಪರದೆಯೊಡನೆ ನೆನಪೂ ಹೊರಹೋಗಲಿಲ್ಲವೆ?

ಈ ಸಂದೇಹವನ್ನು ಒರೆಹಚ್ಚಿ ನೋಡಲು ‘ನ್ಯೂರೆಂಬರ್ಗಿನ ಗಾಯನಾಚಾರ್ಯರು’ ಎಂಬ ನಾಟಕಕ್ಕಿಂತ ತಕ್ಕುದು ಬೇರೊಂದಿಲ್ಲ. 1943ರಲ್ಲಿ, ಗಾಯಗೊಂಡ ಸೈನಿಕರನ್ನೂ ಆಯುಧಶಾಲೆಯ ಕೂಲಿಕಾರರನ್ನೂ ಅತಿಥಿಗಳಾಗಿ ಕರೆತಂದು ಯುದ್ಧಕಾಲದ ಉತ್ಸವವನ್ನು ನಡೆಸಿದಾಗ, ಈ ನಾಟಕಕ್ಕೆ ನ್ಯೂರೆಂಬರ್ಗಿನ ಬೀದಿಗಳನ್ನೂ ಮನೆಗಳನ್ನೂ ಚಿತ್ರಿಸಿಕೊಟ್ಟವನು ವೀಲಾಂಡನೇ. 1956ರಲ್ಲಿ ಅದೇ ನಾಟಕವನ್ನು ಅವನು ಮತ್ತೆ ಕೈಗೆತ್ತಿಕೊಂಡಾಗ ಎರಡನೆಯ ಅಂಕದಲ್ಲಿ ಬೀದಿಯಿಲ್ಲ, ಮನೆಯಿಲ್ಲ. ನೀಲಿಯ ಇರುಳು, ಮೇಲೆ ತೂಗುವ ಹೂವಿನ ಗೋಳ. ಜನರು ಅದನ್ನು ನ್ಯೂರೆಂಬರ್ಗಿಲ್ಲದ ಗಾಯನಾಚಾರ್ಯರೆಂದು ಹಾಸ್ಯಮಾಡಿದರು. ಕೆಲವರು ಮಂದಿರದಲ್ಲಿಯೇ ಕೂಗಿ ಅಸಮ್ಮತಿ ತೋರಿದರು. ನಾಟ್ಸಿ ಪಕ್ಷದ ಮಹಾಸಭೆಗಳು ಸೇರಿದ್ದು ಆ ನಗರದಲ್ಲಿ. ಯೆಹೂದ್ಯರ ಹಕ್ಕುಗಳನ್ನು ಕಸಿದ 1935ರ ಶಾಸನಗಳು ಹೆಸರು ಪಡೆದುದು ಅದರಿಂದ. ಯುದ್ಧಾನಂತರ ಅಪರಾಧಿಗಳ ವಿಚಾರಣೆ ನಡೆದುದೂ ಅಲ್ಲಿಯೇ.

ವೀಲಾಂಡನ ಪರವಾಗಿ ಹೇಳಬಹುದಾದುದು ಇಲ್ಲದಿಲ್ಲ. ಪರದೆಯ ಮೇಲಿನ ಮುದ್ದಾದ ಹಳೆಯ ನಗರವು 1945ರ ಜನವರಿಯ ಬಾಂಬುಗಳಿಂದ ಹಾಳಾಗಿಹೋಗಿತ್ತು. ಅದನ್ನು ಮೊದಲಿನಂತೆಯೇ ಬರೆದು ತೋರಿಸಿದ್ದರೆ ಅದು ಸುಳ್ಳಾಗುತ್ತಿತ್ತು. ಈ ವಾದದಲ್ಲಿ ಸತ್ಯವಿದೆ. ಆದರೆ ಅರ್ಧ ಸತ್ಯ. ಧ್ವನಿಯೆಂದರೆ ಮೌನವಲ್ಲ. ಹೇಳಿದ ಮಾತು ಹೇಳದ ಅರ್ಥವನ್ನು ಹೊಳೆಯಿಸಿದಾಗ ಅದು ಧ್ವನಿ. ಹೇಳಬೇಕಾದ ಮಾತನ್ನೇ ತೆಗೆದುಬಿಟ್ಟರೆ ಉಳಿಯುವುದು ಬರಿಯ ಮೌನ. ‘ಪಾರ್ಸಿಫಾಲ್’ ಪುರಾಣಲೋಕದ ಕಥೆ. ಅದಕ್ಕೆ ಊರಿಲ್ಲದಿದ್ದರೂ ಸಾಗುತ್ತದೆ. ‘ಗಾಯನಾಚಾರ್ಯರು’ ಒಂದು ಊರಿನ, ಒಂದು ಸಮಾಜದ ಕಥೆ. ಊರಿನ ಹೆಸರು ಅದರ ತಲೆಬರಹದಲ್ಲಿಯೇ ಇದೆ. ಅಲ್ಲಿ ಸೂಚನೆಗೆ ಆಧಾರವಾಗಬೇಕಾದ ವಸ್ತುವನ್ನೇ ನಿರ್ದೇಶಕನು ಒರಸಿಹಾಕಿದನು. ಮೊದಲನೆಯದರಲ್ಲಿ ಬರಿದುತನವು ಕಾವ್ಯ. ಎರಡನೆಯದರಲ್ಲಿ ಅದು ಬಹುಮಟ್ಟಿಗೆ ನುಣುಚಿಕೊಳ್ಳುವಿಕೆ.

ವೀಲಾಂಡನು ಅಲ್ಲಿಗೇ ನಿಂತವನಾಗಿದ್ದರೆ ಅವನನ್ನು ಕುರಿತು ಹೆಚ್ಚು ಹೇಳಬೇಕಾದುದಿರುತ್ತಿರಲಿಲ್ಲ. ಅವನ ಹಿರಿಮೆಯೆಂದರೆ, ಯಾವ ಪ್ರಯೋಗವನ್ನೂ ಮುಗಿಯಿತೆಂದು ಬಗೆಯದೆ ತನ್ನದನ್ನೇ ತಾನು ಕೆಡವಿ ಕಟ್ಟಿದುದು. 1961ರ ‘ಟಾನ್‌ಹಾಯ್ಸರ್’ ನಾಟಕದಲ್ಲಿ ವೀನಸ್ ದೇವಿಯ ಪಾತ್ರಕ್ಕೆ ಅವನು ಗ್ರೇಸ್ ಬಂಬ್ರಿ ಎಂಬ ಅಮೆರಿಕದ ಕಪ್ಪುಜನಾಂಗದ ತರುಣಿಯನ್ನು ಆರಿಸಿದನು. ಪ್ರತಿಭಟನೆಯ ಪತ್ರಗಳು ಬಂದವು; ಅವನು ಕದಲಲಿಲ್ಲ. ಪ್ರಯೋಗದ ರಾತ್ರಿ ಪ್ರೇಕ್ಷಕರು ಆಕೆಯನ್ನು ಮತ್ತೆ ಮತ್ತೆ ತೆರೆಯ ಮುಂದಕ್ಕೆ ಕರೆದರು. ಕುಲದ ಹೆಮ್ಮೆಯನ್ನು ಮೆರೆಸಿದ್ದ ಗುಡ್ಡದ ಮೇಲೆ ಇದು ಯಾವ ಪ್ರಕಟನೆಗಿಂತಲೂ ಸ್ಪಷ್ಟವಾದ ರಾಜಕೀಯದ ಮಾತು. 1963ರಲ್ಲಿ ‘ಗಾಯನಾಚಾರ್ಯರು’ ಮೂರನೆಯ ಸಲ ಅವನ ಕೈಗೆ ಬಂದಿತು. ಈ ಸಲ ನೀಲಿಯ ಸ್ವಪ್ನವಿಲ್ಲ. ಷೇಕ್ಸ್‌ಪಿಯರನ ಕಾಲದ ನಾಟಕಶಾಲೆಯನ್ನು ಹೋಲುವ ಮರದ ರಂಗ, ಅದರ ಮೇಲೆ ಒರಟಾದ, ಗದ್ದಲದ ಜನ. ಏಳು ವರ್ಷಗಳ ಹಿಂದಿನ ತನ್ನ ಉತ್ತರವು ಅವನಿಗೇ ಸಾಲದಾಯಿತೆಂದು ಇದರಿಂದ ಊಹಿಸಬಹುದು. ಬೈರಾಯ್ಟಿನಿಂದ ಹೊರಗೂ ಅವನ ಕೆಲಸ ಹಬ್ಬಿತು: ಸ್ಟುಟ್‌ಗಾರ್ಟಿನಲ್ಲಿ ಸೆರೆಮನೆಯ ಕಥೆಯಾದ ಬೇಟೋವೆನ್ನನ ‘ಫಿಡೇಲಿಯೊ’, ಫ್ರಾಂಕ್‌ಫರ್ಟಿನಲ್ಲಿ 1966ರಲ್ಲಿ ಬಡ ಸಿಪಾಯಿಯ ಕಥೆಯಾದ ಬೆರ್ಗನ ‘ವೋಟ್ಸೆಕ್’. ಅದೇ ವರ್ಷ ಅಕ್ಟೋಬರ್ 17ರಂದು ಮ್ಯೂನಿಕ್ಕಿನಲ್ಲಿ ಶ್ವಾಸಕೋಶದ ಅರ್ಬುದದಿಂದ ಅವನು ತೀರಿಕೊಂಡನು. ಐವತ್ತು ತುಂಬಿರಲಿಲ್ಲ.

ಅವನು ತನ್ನ ಗತಜೀವನವನ್ನು ಕುರಿತು ಲೋಕದೆದುರು ಬಾಯಿಬಿಟ್ಟು ಲೆಕ್ಕವೊಪ್ಪಿಸಲಿಲ್ಲ. ಆ ಕೊರತೆಯನ್ನು ಅವನ ಕಲೆಯ ಚೆಲುವು ತುಂಬಲಾರದು. ಆ ಕೊರತೆಯಿಂದ ಕಲೆಯ ಚೆಲುವು ಇಲ್ಲವಾಗುವುದೂ ಇಲ್ಲ. ಎರಡನ್ನೂ ಒಟ್ಟಿಗೆ ಹಿಡಿಯುವುದು ವಿಮರ್ಶೆಯ ಕರ್ತವ್ಯ. ಅವನು ಬಿಟ್ಟ ಬರಿದು ಜಾಗದಲ್ಲಿ ಮುಂದಿನವರು ಅವನು ತೋರಿಸದೆ ಹೋದುದನ್ನು ತೋರಿಸಿದರು. 2008ರಲ್ಲಿ ಸ್ಟೆಫಾನ್ ಹೆರ್‌ಹೈಮನು ‘ಪಾರ್ಸಿಫಾಲ್’ ಕಥೆಯೊಳಗೆ ವಾಗ್ನರ್ ಮನೆತನದ ನಿವಾಸವನ್ನೂ ಜರ್ಮನಿಯ ಚರಿತ್ರೆಯನ್ನೂ ತಂದನು. 2017ರಲ್ಲಿ ಬ್ಯಾರಿ ಕೊಸ್ಕಿಯು ‘ಗಾಯನಾಚಾರ್ಯರು’ ನಾಟಕವನ್ನು ನ್ಯೂರೆಂಬರ್ಗಿನ ವಿಚಾರಣೆಯ ನ್ಯಾಯಮಂದಿರದಲ್ಲಿಯೇ ನಿಲ್ಲಿಸಿದನು. ಹಳೆಯ ಪರದೆಗಳು ಹಾಗೆಯೇ ತೂಗುತ್ತಿದ್ದರೆ ಇದಾವುದಕ್ಕೂ ಎಡೆಯಿರುತ್ತಿರಲಿಲ್ಲ. ತಾನು ಆಡದ ಮಾತನ್ನು ಆಡಬೇಕಾದವರಿಗೆ ರಂಗವನ್ನು ತೆರವುಮಾಡಿಕೊಟ್ಟವನು ವೀಲಾಂಡನೇ ಎಂಬುದು ಅವನ ಜೀವಿತದ ವಿಪರ್ಯಾಸ. ಅವನಿಗೆ ಸಲ್ಲಬೇಕಾದ ಗೌರವವೂ ಅದರಲ್ಲಿಯೇ ಇದೆ.