ಫಿಜಿಯ ನ್ಯಾಷನಲ್ ಫೆಡರೇಷನ್ ಪಕ್ಷ: ತತ್ತ್ವವೂ ಬಲವೂ

ಫಿಜಿ ದ್ವೀಪಗಳ ನ್ಯಾಷನಲ್ ಫೆಡರೇಷನ್ ಪಕ್ಷವನ್ನು ಭಾರತೀಯರ ಜನಾಂಗಪಕ್ಷವೆಂದು ಹೇಳಿ ಮುಗಿಸಿಬಿಡುವುದು ವಾಡಿಕೆ. ಆ ಮಾತಿನಲ್ಲಿ ಅರ್ಧ ಸತ್ಯವುಂಟು. ಮಿಕ್ಕ ಅರ್ಧವನ್ನು ಶೋಧಿಸದೆ ಅದರ ಗುಣದೋಷಗಳನ್ನು ನಿರ್ಣಯಿಸುವುದು ನ್ಯಾಯವಾಗದು.

1879ರಿಂದ 1916ರ ವರೆಗೆ ಸುಮಾರು 60,000 ಭಾರತೀಯರು ಗಿರ್ಮಿಟ್ ಕರಾರಿಗೆ ಒಳಪಟ್ಟು ಫಿಜಿಗೆ ಹೋದರು. ಅವರ ಸಂತತಿಯ ಕಬ್ಬಿನ ಬೆಳೆಗಾರರಿಗೂ ಕಲೋನಿಯಲ್ ಷುಗರ್ ರಿಫೈನಿಂಗ್ ಕಂಪೆನಿಗೂ 1960ರಲ್ಲಿ ಉಂಟಾದ ವ್ಯಾಜ್ಯವೇ ಈ ಪಕ್ಷದ ಮೂಲ. ಆಗ ರೈತರ ಪರವಾಗಿ ನಿಂತವರಲ್ಲಿ ನ್ಯಾಯವಾದಿಗಳಾದ ಎ. ಡಿ. ಪಟೇಲ್, ಸಿದ್ದಿಕ್ ಕೋಯ ಇವರಲ್ಲದೆ ರಾಮಕೃಷ್ಣ ಸಂಘದ ರುದ್ರಾನಂದ ಸ್ವಾಮಿಗಳೂ ಇದ್ದರು. ಸಂನ್ಯಾಸಿಯೊಬ್ಬರು ಕಬ್ಬಿನ ಬೆಲೆಗಾಗಿ ವಾದಿಸಿದ್ದು ಗಮನಾರ್ಹ.

ಪಟೇಲರ ಮೂಲಮಂತ್ರ ಏಕ ಮತದಾರಪಟ್ಟಿ. ಜನಾಂಗಭೇದವಿಲ್ಲದೆ ಪ್ರಜೆಗಳೆಲ್ಲರೂ ಒಂದೇ ಪಟ್ಟಿಯಲ್ಲಿ ಮತ ನೀಡಬೇಕೆಂಬ ಈ ಬೇಡಿಕೆಯನ್ನು 1929ರಲ್ಲಿಯೇ ವಿಷ್ಣುದೇವರು ಶಾಸನಸಭೆಯಲ್ಲಿ ಎತ್ತಿದ್ದರು. ತತ್ತ್ವವೇನೋ ನಿರ್ದುಷ್ಟವಾದುದೇ. ಆದರೆ ಅದು ಮೂಲ ಫಿಜಿಯನರ ಕಿವಿಗೆ ಹೇಗೆ ಕೇಳಿಸಿತೆಂಬುದನ್ನು ಪಕ್ಷವು ಸಾಕಷ್ಟು ವಿಚಾರಿಸಲಿಲ್ಲ. ಭೂಮಿಯಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಮಿಗಿಲಾದುದು ಅವರ ಕುಲಗಳದು. ಜನಸಂಖ್ಯೆಯಲ್ಲಿಯಾದರೋ 1946ರ ಗಣತಿಯ ಹೊತ್ತಿಗೆ ಭಾರತೀಯರೇ ಅಧಿಕರಾಗಿದ್ದರು. ಸಮಾನ ಮತವೆಂದರೆ ನೆಲವನ್ನು ಕಳೆದುಕೊಳ್ಳುವ ದಾರಿಯೆಂದು ಅವರು ಶಂಕಿಸಿದರು. ಆ ಶಂಕೆಗೆ ನ್ಯಾಯಾಲಯದ ತರ್ಕವು ಸಮಾಧಾನವಾಗಲಾರದು.

1969ರಲ್ಲಿ ಪಟೇಲರು ತೀರಿಕೊಂಡರು. ಮರುವರ್ಷ ಕೋಯರ ನೇತೃತ್ವದ ಪಕ್ಷವು ಸ್ವಾತಂತ್ರ್ಯದ ಸಲುವಾಗಿ ಜನಾಂಗವಾರು ಸ್ಥಾನಗಳನ್ನು ಒಪ್ಪಿತು. 52 ಸ್ಥಾನಗಳಲ್ಲಿ ಮೂಲ ಫಿಜಿಯನರಿಗೆ 22, ಭಾರತೀಯರಿಗೆ 22, ಇತರರಿಗೆ 8. ಅಂದಿನಿಂದ ಯಾವ ಪದ್ಧತಿಯನ್ನು ಪಕ್ಷವು ನಿಂದಿಸುತ್ತಿತ್ತೋ ಅದರಿಂದಲೇ ಅದರ ಜೀವನ ಸಾಗಿತು. ಪ್ರತ್ಯೇಕ ಪಟ್ಟಿಯಿಂದ ಸ್ಥಾನಗಳು ಸುಲಭವಾಗಿ ದೊರೆಯುತ್ತಿರಲು, ಅನ್ಯರ ಮನವನ್ನು ಗೆಲ್ಲುವ ಶ್ರಮ ಯಾರಿಗೆ ಬೇಕು?

1977ರ ಮೊದಲ ಚುನಾವಣೆಯಲ್ಲಿ ಪಕ್ಷವು 26 ಸ್ಥಾನಗಳನ್ನು ಪಡೆಯಿತು. ನಾಯಕನಾರೆಂಬ ಒಳಜಗಳದಲ್ಲಿ ದಿನಗಳು ಕಳೆದವು; ಗವರ್ನರ್ ಜನರಲ್ ಅವರು ರಾತು ಮಾರಾ ಅವರನ್ನೇ ಪುನಃ ಪ್ರಧಾನಿಯಾಗಿ ನೇಮಿಸಿದರು. ಈ ನಿರ್ಧಾರವನ್ನು ಅನ್ಯಾಯವೆಂದು ದೂರುವವರು ಒಳಜಗಳವನ್ನು ಮರೆಯಬಾರದು. ಅದೇ ಸೆಪ್ಟೆಂಬರಿನಲ್ಲಿ ಪಕ್ಷವು ಹೂವು, ಪಾರಿವಾಳ ಎಂಬ ಚಿಹ್ನೆಗಳ ಕೆಳಗೆ ಇಬ್ಭಾಗವಾಗಿ ಸ್ಪರ್ಧಿಸಿ ಒಟ್ಟು 15 ಸ್ಥಾನಗಳಿಗೆ ಇಳಿಯಿತು. 1987ರಲ್ಲಿ ಲೇಬರ್ ಪಕ್ಷದೊಡನೆ ಕೂಡಿ ಗೆದ್ದ ಸರಕಾರವನ್ನು ರಬುಕಾ ಎಂಬ ಸೈನ್ಯಾಧಿಕಾರಿ ಉರುಳಿಸಿದನು. ಅದೇ ರಬುಕಾನ ಪಕ್ಷದೊಡನೆ 1999ರಲ್ಲಿ ಮೈತ್ರಿ ಮಾಡಿಕೊಂಡುದಕ್ಕೆ ದೊರೆತ ಫಲ ಸೊನ್ನೆ.

ಏಕಪಟ್ಟಿಯು ಕೊನೆಗೆ ಬಂದುದು 2013ರ ಸಂವಿಧಾನದಲ್ಲಿ, ಸೈನ್ಯಬಲದ ಸರಕಾರದ ಕೈಯಿಂದ. ಆ ಪಟ್ಟಿಯ ಮೇಲೆ 2014ರಲ್ಲಿ ನಡೆದ ಮೊದಲ ಚುನಾವಣೆಯಲ್ಲಿ, ಅರ್ಧ ಶತಮಾನ ಅದನ್ನೇ ಜಪಿಸಿದ ಪಕ್ಷಕ್ಕೆ 50ರಲ್ಲಿ 3 ಸ್ಥಾನಗಳು ದೊರೆತವು.