ಮಾರ್ಥಳಿಗೂ ಕೂಡ್ರಲು ಜಾಗ ಬೇಕು

ನವೆಂಬರ್ ಬಂತೆಂದರೆ ಹುಮನಾಬಾದ್, ಬಸವಕಲ್ಯಾಣ ಸೀಮೆಯ ಕ್ರೈಸ್ತ ಮನೆಗಳಲ್ಲಿ ಧಾರೂರಿನ ಮಾತು ಶುರುವಾಗುತ್ತದೆ. ಹೆಸರು, ಉದ್ದು, ಸೋಯಾ ರಾಶಿ ಆಗಿರುತ್ತದೆ. ಹಿಂಗಾರಿ ಜೋಳ, ಕಡಲೆ ಬಿತ್ತನೆ ಮುಗಿದಿರುತ್ತದೆ. ತೊಗರಿ ಕೊಯ್ಲಿಗೆ ಇನ್ನೂ ಸಮಯವಿರುತ್ತದೆ. ಹೊಲದವರಿಗೂ ಕೂಲಿಯವರಿಗೂ ತುಸು ಬಿಡುವು ಸಿಗುವ ಆ ಸಂದಿನಲ್ಲಿ, ತೆಲಂಗಾಣದ ವಿಕಾರಾಬಾದ್ ಹತ್ತಿರದ ಧಾರೂರಿನಲ್ಲಿ ಮೆಥೋಡಿಸ್ಟರ ಜಾತ್ರೆ ಕೂಡುತ್ತದೆ. ಹಿಟ್ಟು, ಬೇಳೆ, ಪಾತ್ರೆ, ಚಾದರ, ತಾಡಪತ್ರಿ ಕಟ್ಟಿಕೊಂಡು ಸಂಸಾರ ಸಮೇತ ಹೋದವರು ಗಿಡಗಳ ಕೆಳಗೆ ಬಿಡಾರ ಹೂಡಿ, ಹಾಡು, ಪ್ರಾರ್ಥನೆ, ಉಪದೇಶಗಳಲ್ಲಿ ದಿನ ಕಳೆಯುತ್ತಾರೆ. ಲೋಕದ ಚಿಂತೆಯನ್ನು ಕೆಲವು ದಿನ ಬದಿಗಿಟ್ಟು ಕರ್ತನಲ್ಲಿ ಸಂತೋಷಪಡುವುದು, ಮನಸ್ಸನ್ನು ಒಂದೇ ಕಡೆ ನಿಲ್ಲಿಸುವುದು ಈ ಜಾತ್ರೆಯ ಗುರಿ. ಆ ಗುರಿ ಎಷ್ಟರಮಟ್ಟಿಗೆ ಕೈಗೂಡಿದೆ ಎಂದು ತಿಳಿಯಬೇಕಾದರೆ ಜಾತ್ರೆಯೊಂದನ್ನೇ ನೋಡಿದರೆ ಆಗದು. ಜಾತ್ರೆ ಮುಗಿಸಿ ಬಂದ ಜನ ತಮ್ಮ ಓಣಿಯಲ್ಲಿ ವಾರವಾರ ನಡೆಸುವ ಮನೆ ಪ್ರಾರ್ಥನೆಯನ್ನೂ ಅದರ ಎದುರಿಗಿಟ್ಟು ನೋಡಬೇಕು.

ಜಾತ್ರೆಯ ಬೇರು ಅಮೆರಿಕದ ಹಳ್ಳಿಗಾಡಿನಲ್ಲಿದೆ. 1801ರಲ್ಲಿ ಕೆಂಟಕಿಯ ಕೇನ್ ರಿಜ್‌ನಲ್ಲಿ ಸಾವಿರಾರು ಜನ ಬಂಡಿಗಳಲ್ಲಿ ಬಂದು, ಬಯಲಲ್ಲೇ ತಂಗಿ, ದಿನಗಟ್ಟಲೆ ಉಪದೇಶ ಕೇಳಿದರು. ಒಂಟಿ ಒಕ್ಕಲುಗಳಾಗಿ ಚದುರಿ ಬದುಕುತ್ತಿದ್ದ ಜನಕ್ಕೆ ಇಂಥ ಕೂಟ ಹೇಳಿ ಮಾಡಿಸಿದಂತಿತ್ತು. ಮೆಥೋಡಿಸ್ಟರು ಅದನ್ನು ತಮ್ಮದಾಗಿಸಿಕೊಂಡರು. 1919ರಲ್ಲಿ ಭಾರತಕ್ಕೆ ಬಂದ ಮೆಥೋಡಿಸ್ಟ್ ಮಿಷನರಿ ಇ.ಎ. ಸೀಮಂಡ್ಸ್ ಎಂಜಿನಿಯರಿಂಗ್ ಓದಿದವರು. ಒಹಾಯೊದ ಇಂಥದೇ ಒಂದು ಕೂಟದಲ್ಲಿ ಅವರ ಬದುಕು ತಿರುವು ಪಡೆದಿತ್ತು. ಬೀದರ್ ಸೀಮೆಯ ಹಳ್ಳಿಗಳಲ್ಲಿ ಅವರು ಚರ್ಚುಗಳನ್ನು ಕಟ್ಟಿಸಿದರು, ಜನರ ಬಾಯಲ್ಲಿ ‘ತಾತ’ ಆದರು. 1920ರ ದಶಕದ ಮೊದಲ ವರ್ಷಗಳಲ್ಲಿ ಧಾರೂರಿನ ಜಾತ್ರೆ ಹುಟ್ಟಿದ್ದರ ಹಿಂದೆಯೂ ಅವರಿದ್ದರು. ಬೀದರ್, ವಿಕಾರಾಬಾದ್ ಎರಡೂ ಆಗ ನಿಜಾಮನ ಸಂಸ್ಥಾನದೊಳಗಿದ್ದವು. 1956ರಲ್ಲಿ ನಡುವೆ ರಾಜ್ಯದ ಗಡಿ ಬಂತು. ಜಾತ್ರೆ ಮಾತ್ರ ಕನ್ನಡದವರದೂ ತೆಲುಗಿನವರದೂ ಆಗಿಯೇ ಉಳಿಯಿತು.

ಮಿಷನರಿಗಳು ಇಲ್ಲಿ ತೋರಿದ ಜಾಣತನವನ್ನು ಮೆಚ್ಚಲೇಬೇಕು. ಬಿತ್ತು, ಬೆಳೆ, ರಾಶಿಗಳ ಲೆಕ್ಕದಲ್ಲಿ ವರ್ಷವನ್ನು ಅಳೆಯುವ ಜನಕ್ಕೆ ಜಾತ್ರೆ ಎಂದರೆ ಏನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ, ಮಾಣಿಕನಗರದ ಪ್ರಭುಗಳ ಉತ್ಸವ ಅವರ ಕಣ್ಣೆದುರೇ ನಡೆಯುತ್ತಿದ್ದವು. ಆದರೆ ಈ ಸೀಮೆಯಲ್ಲಿ ಯೇಸುವಿನ ಹಾದಿ ಹಿಡಿದವರಲ್ಲಿ ಬಹುಪಾಲು ಜನ ಊರ ಹೊರಗಿನ ಕೇರಿಯವರು. ಊರ ತೇರಿನ ಹಗ್ಗಕ್ಕೆ ಕೈ ಹಚ್ಚುವ ಹಕ್ಕು ಇಲ್ಲದಿದ್ದವರು. ಅಂಥವರು ಯಾರ ಅಪ್ಪಣೆಯೂ ಬೇಡದ ಜಾಗದಲ್ಲಿ, ತಮ್ಮದೇ ಹಾಡಿನೊಂದಿಗೆ, ತಮ್ಮಂಥ ಸಾವಿರಾರು ಜನರ ನಡುವೆ ಕೂತರು. ಆ ಸಂತೋಷ ದೊಡ್ಡದು. ವರ್ಷವಿಡೀ ಒಂದು ಹಳ್ಳಿಯಲ್ಲಿ ನಾಲ್ಕಾರು ಮನೆಯಾಗಿ ಬದುಕುವ ಸಭೆಗೆ, ನಾವು ಇಷ್ಟು ಜನ ಇದ್ದೇವೆ ಎಂದು ಕಣ್ಣಾರೆ ಕಾಣುವುದೇ ಅರ್ಧ ಚಿಂತೆಯನ್ನು ಕಳೆಯುತ್ತದೆ. ಜಾತ್ರೆಯನ್ನು ‘ಭಾವಾವೇಶ’ ಎಂದು ತಳ್ಳಿಹಾಕುವ ಪಟ್ಟಣದ ಓದಿದ ಕ್ರೈಸ್ತರಿಗೆ ಈ ಸಂತೋಷದ ಬೆಲೆ ಗೊತ್ತಿಲ್ಲ ಎಂದೇ ನನ್ನ ನಂಬಿಕೆ.

ಇಷ್ಟು ಹೇಳಿದ ಮೇಲೆ ಕೊರತೆಗಳನ್ನೂ ಹೇಳಬೇಕು. ಮೊದಲನೆಯದು ಸಾಕ್ಷಿ ಹೇಳುವ ರೂಢಿ. ಜಾತ್ರೆಯಂಥ ಉಜ್ಜೀವನ ಕೂಟಗಳಲ್ಲಿ ಮೈಕಿನ ಮುಂದೆ ನಿಲ್ಲುವವರು ಯಾರು? ಬೇನೆ ವಾಸಿಯಾದವರು, ನೌಕರಿ ಸಿಕ್ಕವರು, ಮಗಳ ಮದುವೆ ಕೂಡಿಬಂದವರು, ಕುಡಿತ ಬಿಟ್ಟವರು. ಅವರ ಕೃತಜ್ಞತೆ ನಿಜವಾದದ್ದು. ಆದರೆ ಅದೇ ಪ್ರಾರ್ಥನೆ ಮಾಡಿ, ಅದೇ ಉಪವಾಸ ಹಿಡಿದು, ಬೇನೆ ವಾಸಿಯಾಗದವರು ಕೆಳಗೆ ಕೂತಿರುತ್ತಾರೆ. ಅವರನ್ನು ಯಾರೂ ವೇದಿಕೆಗೆ ಕರೆಯುವುದಿಲ್ಲ. ವರ್ಷಾನುಗಟ್ಟಲೆ ಹೀಗೆ ನಡೆದರೆ ಸಂತೋಷವೆಂದರೆ ತೊಂದರೆ ತೀರುವುದು ಎಂಬ ಅರ್ಥ ಸಭೆಯ ಮನಸ್ಸಿನಲ್ಲಿ ಕೂತುಬಿಡುತ್ತದೆ. ತೊಂದರೆ ತೀರದವರಿಗೆ ತಮ್ಮ ನಂಬಿಕೆಯಲ್ಲೇ ಏನೋ ದೋಷವಿದೆ ಎಂಬ ಹೊಸ ಚಿಂತೆ ಹತ್ತುತ್ತದೆ. ಚಿಂತೆ ಮಾಡುವುದೇ ಪಾಪ ಎಂದು ಬೋಧಕರು ಗದರಿಸಿದರಂತೂ, ಇದ್ದ ಚಿಂತೆಯ ಮೇಲೆ ಇನ್ನೊಂದನ್ನು ಹೇರಿದಂತಾಗುತ್ತದೆ.

ಸಂತೋಷದ ಮೇಲೆ ಉಪದೇಶ ಮಾಡುವವರೆಲ್ಲ ತೆಗೆಯುವುದು ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯನ್ನು. ನಾಲ್ಕೇ ಅಧ್ಯಾಯದ ಆ ಪತ್ರಿಕೆಯನ್ನು ಒಂದೇ ಕೂರಿಕೆಯಲ್ಲಿ ಓದಿದವರಿಗೆ ಅಲ್ಲಿನ ಸಂತೋಷ ಎಂಥ ಜಾಗದಲ್ಲಿ ಹುಟ್ಟಿದ್ದೆಂದು ಗೊತ್ತಾಗುತ್ತದೆ. ಬರೆದವನು ಬೇಡಿಯಲ್ಲಿದ್ದಾನೆ. ಬದುಕುತ್ತೇನೋ ಸಾಯುತ್ತೇನೋ ಅವನಿಗೇ ತಿಳಿಯದು. ಫಿಲಿಪ್ಪಿಯವರು ಸಹಾಯಕ್ಕೆಂದು ಕಳಿಸಿದ ಎಪಫ್ರೊದೀತ ಸಾವಿನ ಹತ್ತಿರ ಹೋಗಿ ಬಂದಿದ್ದಾನೆ. ಅವನು ಸತ್ತಿದ್ದರೆ ತನಗೆ ದುಃಖದ ಮೇಲೆ ದುಃಖವಾಗುತ್ತಿತ್ತೆಂದೂ, ಅವನನ್ನು ಊರಿಗೆ ಕಳಿಸಿದರೆ ತನ್ನ ಮನಸ್ಸಿನ ಭಾರವೂ ಕಡಿಮೆಯಾದೀತೆಂದೂ ಪೌಲ ಮುಚ್ಚಿಡದೆ ಬರೆಯುತ್ತಾನೆ. ಕೊನೆಯ ಅಧ್ಯಾಯದಲ್ಲಿ ಯುವೊದ್ಯ, ಸಂತುಕೆ ಎಂಬ ಇಬ್ಬರು ಹೆಂಗಸರ ಹೆಸರು ಹಿಡಿದು, ಒಂದೇ ಮನಸ್ಸಾಗಿರಿ ಎಂದು ಬೇಡಿಕೊಳ್ಳುತ್ತಾನೆ. ಸಂತೋಷಪಡಿರಿ, ಚಿಂತೆ ಮಾಡಬೇಡಿರಿ ಎಂಬ ಮಾತು ಬರುವುದು ಆ ಜಗಳದ ಬೆನ್ನಿಗೇ. ನಮ್ಮ ಬೋಧಕರು ಸಂತೋಷದ ವಾಕ್ಯವನ್ನಷ್ಟೇ ಎತ್ತಿಕೊಂಡು ಬೇಡಿ, ಬೇನೆ, ಜಗಳಗಳನ್ನು ಹಿಂದೆ ಬಿಟ್ಟು ಬರುತ್ತಾರೆ. ಹೀಗಾಗಿ ಕೇಳುವವರಿಗೆ ಅದು ತಮ್ಮ ಮನೆಯ ಮಾತು ಅನ್ನಿಸುವುದೇ ಇಲ್ಲ.

ಅವರ ಮನೆಯ ಚಿಂತೆಗಳೇನು ಸಣ್ಣವೆ? ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ಗುತ್ತಿಗೆ ಮೇಲೆ ದುಡಿಯುವವನಿಗೆ ಬರುವ ತಿಂಗಳ ಖಾತ್ರಿಯಿಲ್ಲ. ಬಸವಕಲ್ಯಾಣ ಲಾರಿ ವ್ಯವಹಾರದ ಊರು. ಹೈದರಾಬಾದ್–ಮುಂಬೈ ಹೆದ್ದಾರಿಯ ಮೇಲೆ ಗಂಡ ಎಲ್ಲಿದ್ದಾನೋ ಎಂದು ರಾತ್ರಿಯೆಲ್ಲ ಫೋನ್ ನೋಡುವ ಹೆಂಗಸರು ಇಲ್ಲಿ ಓಣಿಗೊಬ್ಬರು ಸಿಗುತ್ತಾರೆ. ಇವುಗಳ ಮೇಲೆ ಕಾಗದದ ಚಿಂತೆ ಬೇರೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಮಾನ್ಯತೆ ಕ್ರೈಸ್ತರಿಗಿಲ್ಲ. ಮುಂದೆ 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದು ಸಿಕ್ಕಿತು, ಇವರಿಗೆ ಸಿಗಲಿಲ್ಲ. ಅಜ್ಜನ ಕಾಲದ ಅಸ್ಪೃಶ್ಯತೆ ಊರಿನವರ ನೆನಪಿನಲ್ಲಿ ಉಳಿದಿದೆ, ಸರ್ಕಾರದ ಪಟ್ಟಿಯಲ್ಲಿ ಇಲ್ಲ. ಮಕ್ಕಳನ್ನು ಶಾಲೆಗೆ ಹಚ್ಚುವಾಗ ಯಾವ ಕಾಲಮಿನಲ್ಲಿ ಏನು ಬರೆಸಬೇಕೆಂಬುದು ಈ ತಂದೆ-ತಾಯಿಗಳಿಗೆ ನಂಬಿಕೆಯ ಪ್ರಶ್ನೆಯೂ ಹೌದು, ಹೊಟ್ಟೆಯ ಪ್ರಶ್ನೆಯೂ ಹೌದು. ಇಂಥವರಿಗೆ ‘ಆಕಾಶದ ಹಕ್ಕಿಗಳನ್ನು ನೋಡಿರಿ, ಚಿಂತೆ ಮಾಡಬೇಡಿರಿ’ ಎನ್ನುವಾಗ ಬೋಧಕರ ದನಿ ತಗ್ಗಿರಬೇಕು. ಗಲಿಲಾಯದಲ್ಲಿ ಯೇಸು ಆ ಮಾತು ಹೇಳಿದ್ದು ದಿನದ ಕೂಲಿಯಲ್ಲಿ ದಿನದ ರೊಟ್ಟಿ ತಿನ್ನುತ್ತಿದ್ದ ಜನಕ್ಕೆ, ಅವರ ನಡುವೆ ನಿಂತು.

ಎರಡನೆಯ ಕೊರತೆ ಗದ್ದಲ. ಮನಸ್ಸು ಚದುರುವುದಕ್ಕೆ ಲೋಕವೇ ಕಾರಣ ಎಂದು ನಾವು ಸುಲಭವಾಗಿ ಹೇಳುತ್ತೇವೆ: ಸಿನಿಮಾ, ಕ್ರಿಕೆಟ್, ರಾಜಕೀಯ, ಸಾಲ. ಆದರೆ ದೇವರ ಕೆಲಸವೇ ದೇವರಿಂದ ಮನಸ್ಸನ್ನು ಸೆಳೆದುಬಿಡಬಲ್ಲದು ಎಂದು ಲೂಕನ ಸುವಾರ್ತೆಯ ಮಾರ್ಥಳ ಕಥೆ ಹೇಳುತ್ತದೆ. ಆಕೆ ಸಂತೆಯಲ್ಲಿ ಕಳೆದುಹೋದವಳಲ್ಲ, ಯೇಸುವಿಗೇ ಅಡುಗೆ ಮಾಡುತ್ತಿದ್ದವಳು. ಇವತ್ತು ಫೋನಿನಲ್ಲಿ ಬೆಳಗಿನ ಐದರಿಂದ ಹೈದರಾಬಾದಿನ ಬೋಧಕರ ತೆಲುಗು ಪ್ರಾರ್ಥನೆ, ಆಮೇಲೆ ಬೆಂಗಳೂರಿನ ಕನ್ನಡ ಆರಾಧನೆ, ನಡುವೆ ವಾಟ್ಸ್ಯಾಪಿನಲ್ಲಿ ಇಪ್ಪತ್ತು ವಾಕ್ಯಗಳು ಬಂದು ಬೀಳುತ್ತವೆ. ಕೇಳುವುದು ಎಲ್ಲವೂ ದೇವರ ಮಾತೇ, ಆದರೆ ಒಂದೂ ನಿಲ್ಲುವುದಿಲ್ಲ. ಜಾತ್ರೆಯ ವೇದಿಕೆಯೂ ಈಗ ಇದೇ ಹಾದಿ ಹಿಡಿದಿದೆ. ದೊಡ್ಡ ದೊಡ್ಡ ಸ್ಪೀಕರುಗಳು, ಒಬ್ಬರಾದ ಮೇಲೆ ಒಬ್ಬರು ಬೋಧಕರು. ಗಿಡಗಳ ನಡುವೆ ಅಷ್ಟು ದೂರ ಹೋಗಿಯೂ ಸುಮ್ಮನೆ ಕೂಡ್ರಲು ಅರ್ಧ ತಾಸು ಗೊತ್ತುಪಡಿಸಿಲ್ಲ. ಅದೇ ಮೆಥೋಡಿಸ್ಟ್ ಪರಂಪರೆಯ ಸ್ಟ್ಯಾನ್ಲಿ ಜೋನ್ಸ್ 1930ರಲ್ಲಿ ಸಾತ್‌ತಾಲ್‌ನಲ್ಲಿ ಕಟ್ಟಿದ ಆಶ್ರಮದಲ್ಲಿ ಮೌನಕ್ಕೂ, ಎಲ್ಲರೂ ಸೇರಿ ಮಾಡುವ ಕೈಗೆಲಸಕ್ಕೂ ದಿನಚರಿಯಲ್ಲೇ ಜಾಗವಿತ್ತು. ನಮ್ಮ ಜಾತ್ರೆ ಅದರಿಂದ ಏನನ್ನೂ ಕಲಿಯಲಿಲ್ಲ.

ಮಾರ್ಥಳ ಮಾತು ಬಂದಾಗ ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆ. ಬಿಡಾರದ ಮುಂದೆ ಮೂರು ಕಲ್ಲು ಹೂಡಿ, ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ರೊಟ್ಟಿ ಬಡಿಯುವವರು ಯಾರು? ನೀರು ಹೊತ್ತು ತರುವವರು, ಕೂಸಿಗೆ ಜ್ವರ ಬಂದರೆ ಎತ್ತಿಕೊಂಡು ಅಡ್ಡಾಡುವವರು ಯಾರು? ಮಾರ್ಥಳ ಸಹೋದರಿ ಮರಿಯಳ ಹಾಗೆ ಯೇಸುವಿನ ಪಾದದ ಬಳಿ ಕೂತು ಕೇಳಿರಿ ಎಂಬ ಉಪದೇಶ ಅವರ ಕಿವಿಗೆ ಬೀಳುವುದು ಸ್ಪೀಕರಿನಿಂದ, ಒಲೆಯ ಮುಂದೆ. ಹೆಂಗಸರನ್ನು ಮಾರ್ಥ ಮಾಡಿಟ್ಟು ಮರಿಯಳಾಗು ಎನ್ನುವುದು ನ್ಯಾಯವಲ್ಲ. ಅಡುಗೆಗೆ ಗಂಡಸರ ಸರದಿ ಹಚ್ಚದ ಹೊರತು ಏಕಾಗ್ರತೆಯ ಮೇಲಿನ ಯಾವ ಪ್ರಸಂಗವೂ ಪೂರ್ತಿ ನಿಜವಾಗದು.

ಮನೆ ಪ್ರಾರ್ಥನೆಯ ಸೊಗಸು ಇಲ್ಲೇ ಇದೆ. ವಾರದ ನಡುವೆ ಒಂದು ಸಂಜೆ, ಉಂಡು ಮುಗಿಸಿ, ಭಾಂಡೆ ತಿಕ್ಕಿಟ್ಟು, ಓಣಿಯ ಎಂಟು ಹತ್ತು ಹೆಂಗಸರು ಒಬ್ಬರ ಪಡಸಾಲೆಯಲ್ಲಿ ಕೂಡುತ್ತಾರೆ. ಬಾಗಿಲ ಹತ್ತಿರ ಒಂದಿಬ್ಬರು ಗಂಡಸರು. ಚಾಪೆ, ಒಂದು ಡೋಲಕ್, ಒಂದು ಜೊತೆ ತಾಳ. ಪುಸ್ತಕವಿಲ್ಲದೆ ಹಾಡು ಬರುವ ಒಬ್ಬ ಮುದುಕಿ ಎತ್ತಿಕೊಡುತ್ತಾಳೆ, ಉಳಿದವರು ಹಿಡಿಯುತ್ತಾರೆ. ಶಾಲೆಗೆ ಹೋಗುವ ಹುಡುಗಿಯೊಬ್ಬಳು ಬೆರಳಿಟ್ಟು ವಾಕ್ಯ ಓದುತ್ತಾಳೆ. ತಪ್ಪಿದಲ್ಲಿ ನಿಂತು ಮತ್ತೆ ಓದುತ್ತಾಳೆ, ಯಾರೂ ಅವಸರ ಮಾಡುವುದಿಲ್ಲ. ಆಮೇಲೆ “ಯಕ್ಕಾ, ನಿಮ್ಮ ಹುಡುಗಂದು ಏನಾತು?” ಎಂಬ ಪ್ರಶ್ನೆ. ಏನೂ ಆಗಿಲ್ಲ, ಹಂಗೇ ಇದ್ದಾನ ಎಂಬ ಉತ್ತರಕ್ಕೂ ಅಲ್ಲಿ ಜಾಗವಿದೆ. ಹೋದ ವಾರ ಮಾಡಿದ ಪ್ರಾರ್ಥನೆಯನ್ನೇ ಈ ವಾರವೂ ಮಾಡುತ್ತಾರೆ. ವಾಸಿಯಾಗದವನ ಹೆಸರು ತಿಂಗಳುಗಟ್ಟಲೆ, ವರ್ಷಗಟ್ಟಲೆ ಆ ಪಡಸಾಲೆಯಲ್ಲಿ ಕೇಳಿಬರುತ್ತದೆ. ಜಾತ್ರೆಯ ಮೈಕು ಮಾಡಲಾರದ ಕೆಲಸ ಇದು. ಚಿಂತೆ ಅಲ್ಲಿ ಮಾಯವಾಗುವುದಿಲ್ಲ, ಹತ್ತು ಜನರ ನಡುವೆ ಹಂಚಿಹೋಗುತ್ತದೆ. ಎದ್ದು ಹೊರಟಾಗ ಮುಖದಲ್ಲಿರುವ ಗೆಲುವನ್ನು ನಾನು ಸಂತೋಷವೆಂದೇ ಕರೆಯುತ್ತೇನೆ.

ಇದು ಹೊಸದಲ್ಲ, ಮೆಥೋಡಿಸಂನ ಮೂಲ ಬಂಡವಾಳವೇ ಇದು. 1742ರಲ್ಲಿ ಬ್ರಿಸ್ಟಲ್‌ನ ಪ್ರಾರ್ಥನಾಲಯದ ಸಾಲ ತೀರಿಸಲು, ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿ ವಾರಕ್ಕೊಂದು ಪೆನ್ನಿ ಎತ್ತುವ ಏರ್ಪಾಡಾಯಿತು. ಹಣ ಎತ್ತಲು ಹೋದವರು ಜನರ ಸುಖದುಃಖ ಕೇಳಿದರು. ಮೆಥೋಡಿಸಂನ ಮೂಲಪುರುಷ ಜಾನ್ ವೆಸ್ಲಿ ಅದನ್ನೇ ಆತ್ಮಪರಿಶೀಲನೆಯ ವಾರದ ಕೂಟವಾಗಿ ಬೆಳೆಸಿದರು. ಅಂಥ ಗುಂಪುಗಳನ್ನು ಹೆಂಗಸರೂ ನಡೆಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಪದ್ಧತಿ ಸೊರಗಿತು, ಬಯಲಿನ ದೊಡ್ಡ ಕೂಟಗಳು ಉಳಿದವು. ಬೀದರಿಗೆ ಬಂದ ಮಿಷನರಿಗಳ ಜೊತೆ ದೊಡ್ಡ ಕೂಟದ ಉತ್ಸಾಹವೇ ಹೆಚ್ಚಾಗಿ ಬಂತೆಂದು ನನ್ನ ಅನಿಸಿಕೆ. ಸಣ್ಣ ಕೂಟವನ್ನು ನಮ್ಮ ಓಣಿಯ ಹೆಂಗಸರು ತಾವಾಗಿಯೇ ಕಟ್ಟಿಕೊಂಡರು.

ಬಸವಕಲ್ಯಾಣದ ನೆಲದಲ್ಲಿ ಇದಕ್ಕೆ ಇನ್ನೂ ಹಳೆಯ ನೆರೆ ಇದೆ. ಶರಣರ ಕಾಲದಲ್ಲಿ ಕಾಯಕದವರು ಒಂದೆಡೆ ಕೂತು ತಮ್ಮ ಅನುಭವವನ್ನು ಮಾತಿಗೆ ತಂದ ಊರಿದು. ಚೆಲ್ಲಿದ ಅಕ್ಕಿ ಆಯ್ದು ದಾಸೋಹ ಮಾಡುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಂಡತಿ ಲಕ್ಕಮ್ಮ ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ತಿರುಗಿ ಕಳಿಸಿದಳು. ಅರಣ್ಯದಲ್ಲಿ ಇಸ್ರಾಯೇಲರು ನಾಳೆಗೆಂದು ಕೂಡಿಟ್ಟ ಮನ್ನ ಹುಳಬಿದ್ದು ನಾರಿದ ಕಥೆಯನ್ನು ಭಾನುವಾರದ ಶಾಲೆಯಲ್ಲಿ ಕಲಿತ ಮಕ್ಕಳಿಗೆ ಲಕ್ಕಮ್ಮನ ಕಥೆಯನ್ನೂ ಹೇಳಿಕೊಡಬೇಕು. ಎರಡೂ ಒಂದೇ ಎನ್ನುವ ಅವಸರ ನನಗಿಲ್ಲ. ಲಕ್ಕಮ್ಮನ ನೆಮ್ಮದಿ ಕಾಯಕದ ಶುದ್ಧಿಯ ಮೇಲೆ ನಿಂತದ್ದು. ಪೌಲನ ಸಂತೋಷ, ಸೆರೆಮನೆಯಲ್ಲೂ ತನ್ನನ್ನು ಬಿಟ್ಟುಹೋಗದ ಕ್ರಿಸ್ತನ ಮೇಲೆ ನಿಂತದ್ದು. ಆದರೆ ನಾಳೆಯ ಭಯವನ್ನು ಹೆಸರಿಟ್ಟು ಗುರುತಿಸಿ, ಅದನ್ನು ಮನೆಯ ಹೊಸ್ತಿಲಲ್ಲೇ ತಡೆದ ಹೆಂಗಸು ಈ ಊರಿನಲ್ಲಿ ಬಾಳಿದವಳು ಎಂಬುದು ಇಲ್ಲಿನ ಕ್ರೈಸ್ತರಿಗೂ ಸಲ್ಲುವ ಆಸ್ತಿ.

ಮನೆ ಪ್ರಾರ್ಥನೆಯಲ್ಲಿ ದೋಷಗಳಿಲ್ಲವೆಂದಲ್ಲ. ಪ್ರಾರ್ಥನೆಯ ನೆಪದಲ್ಲಿ ಮನೆಮನೆಯ ಸುದ್ದಿ ಹೊರಬೀಳುವುದುಂಟು. ಗಟ್ಟಿ ದನಿಯವರದೇ ಪ್ರಾರ್ಥನೆ ಆಗಿಬಿಡುವುದುಂಟು. ವಾಕ್ಯದ ಅರ್ಥ ತಿಳಿಸಿಕೊಡುವವರಿಲ್ಲದೆ, ಫೋನಿನಲ್ಲಿ ಕೇಳಿದ್ದನ್ನೇ ನಂಬಿ ನಡೆಯುವುದೂ ಇದೆ. ಇವಕ್ಕೆಲ್ಲ ತರಬೇತಿ ಬೇಕು. ತರಬೇತಿ ಕೊಡಬಲ್ಲ ಪಾಸ್ಟರುಗಳು, ಬೈಬಲ್ ಓದಿದ ಹೆಂಗಸರು ವರ್ಷಕ್ಕೊಮ್ಮೆ ಒಂದೇ ಕಡೆ ಸಿಗುವ ಜಾಗ ಧಾರೂರು.

ಅಲ್ಲಿ ಕಾರ್ಯಕ್ರಮ ಹಾಕುವ ಹಿರಿಯರಲ್ಲಿ ನನ್ನ ಬೇಡಿಕೆ ಇಷ್ಟು. ಕೊನೆಯ ದಿನದ ಬೆಳಿಗ್ಗೆ ಮೈಕು ಬಂದ್ ಇರಲಿ. ಹುಮನಾಬಾದ್, ಕಲ್ಯಾಣ, ಭಾಲ್ಕಿ, ಬೀದರ್ ಎಂದು ಒಂದೊಂದು ಸೀಮೆಯವರು ಒಂದೊಂದು ಗಿಡದ ಕೆಳಗೆ ಕೂಡಲಿ. ಆ ಬೆಳಗಿನ ನಾಷ್ಟಾ ಗಂಡಸರು ಮಾಡಲಿ. ಯಾವ ಓಣಿಯಲ್ಲಿ, ಯಾವ ವಾರ, ಯಾರ ಮನೆಯಲ್ಲಿ ಪ್ರಾರ್ಥನೆ, ಅದನ್ನು ನಡೆಸುವ ಹೆಂಗಸು ಯಾರು, ಆಕೆಗೆ ಓದಿ ಕಲಿಸಲು ತಿಂಗಳಿಗೊಮ್ಮೆ ಬರುವವರು ಯಾರು ಎಂಬುದನ್ನು ಅಲ್ಲೇ ಕೂತು, ಹೆಸರು ಬರೆದು, ಗೊತ್ತುಮಾಡಿಕೊಂಡು ಗಾಡಿ ಹತ್ತಲಿ.