ಅಲೈನ್‌ಮೆಂಟಿಗೆ ಮೊದಲು ಕೀಲು ನೋಡಿ

ಮಳೆಗಾಲ ಮುಗಿದು ದಸರಾ ಹತ್ತಿರವಾಗುತ್ತಿದ್ದಂತೆ ಮೈಸೂರಿನ ವ್ಹೀಲ್ ಅಲೈನ್‌ಮೆಂಟ್ ಅಂಗಡಿಗಳ ಮುಂದೆ ಕಾರುಗಳು ಸಾಲುಗಟ್ಟುತ್ತವೆ. ಗಾಡಿ ಎಡಕ್ಕೆ ಎಳೆಯುತ್ತಿದೆ, ಸ್ಟೀರಿಂಗ್ ನೆಟ್ಟಗೆ ನಿಲ್ಲುತ್ತಿಲ್ಲ, ಮುಂದಿನ ಟೈರು ಅಂಚಿನಲ್ಲಿ ಸವೆದಿದೆ ಎಂದು ನೂರೆಂಟು ದೂರು, ಎಲ್ಲಕ್ಕೂ ಅದೇ ಮದ್ದು. ಪರದೆಯ ಮೇಲೆ ಕೆಂಪು ಅಂಕಿಗಳು ಹಸಿರಾಗುತ್ತವೆ, ದುಡ್ಡು ಕೊಟ್ಟು ಹೊರಡುತ್ತೇವೆ. ಟೈ ರಾಡ್ ಎಂಡ್ ಸವೆದಿದ್ದರೆ ಆ ಹಸಿರು ಮೊದಲ ಹಳ್ಳ ಸಿಗುವವರೆಗೆ ಮಾತ್ರ. ಕೀಲು ಗಟ್ಟಿಯಿಲ್ಲದ ಗಾಡಿಗೆ ಅಲೈನ್‌ಮೆಂಟ್ ಮಾಡಬಾರದು, ಮಾಡಿಸಲೂಬಾರದು.

ಸ್ಟೀರಿಂಗ್ ರ‍್ಯಾಕ್ ಅಕ್ಕಪಕ್ಕ ಸರಿಯುತ್ತದೆ. ಆ ಸರಿತವನ್ನು ಚಕ್ರಕ್ಕೆ ಮುಟ್ಟಿಸುವುದು ಟೈ ರಾಡು. ಅದರ ತುದಿಯಲ್ಲಿ ಬಟ್ಟಲಿನಂಥ ಮನೆಯೊಳಗೆ ಉಕ್ಕಿನ ಗುಂಡು ಕೂತಿರುತ್ತದೆ, ನಮ್ಮ ಭುಜದ ಕೀಲಿನ ಹಾಗೆ. ಚಕ್ರ ಏರಿಳಿಯಬೇಕು, ತಿರುಗಲೂಬೇಕು, ಆದರೆ ನಡುವೆ ಕೂದಲೆಳೆಯಷ್ಟೂ ಸಡಿಲ ಇರಕೂಡದು. ಒಳಗಿನ ಗ್ರೀಸನ್ನು ಕಾಯುವುದು ಒಂದು ರಬ್ಬರ್ ಬೂಟು. ಅದು ಹರಿದರೆ ನೀರು, ಮಣ್ಣು ಒಳಗಿಳಿಯುತ್ತವೆ. ಗ್ರೀಸ್ ಹೋಗಿ ಮಸೆಯುವ ಕೆಸರು ಉಳಿಯುತ್ತದೆ. ನಾನು ಕಾರಿನಡಿ ಬಗ್ಗಿದಾಗ ಮೊದಲು ಹುಡುಕುವುದು ಈ ಬೂಟಿನ ಬಿರುಕನ್ನೇ. ಕೀಲು ಇನ್ನೂ ಗಟ್ಟಿಯಾಗಿದ್ದರೂ ಹರಿದ ಬೂಟು ಕಂಡರೆ ಅದರ ಆಯುಸ್ಸು ಮುಗಿಯುತ್ತ ಬಂತೆಂದೇ ಲೆಕ್ಕ.

ಹಳೆಯ ಪ್ರೀಮಿಯರ್ ಪದ್ಮಿನಿಯಲ್ಲಿ ಸ್ಟೀರಿಂಗ್ ಬಾಕ್ಸಿನಿಂದ ಚಕ್ರದವರೆಗೆ ಇಂಥ ಕೀಲುಗಳ ಸರಪಳಿಯೇ ಇತ್ತು; ಒಂದೊಂದರ ಚೂರು ಸಡಿಲವೂ ಕೂಡಿ ಚಾಲಕನ ಕೈಗೆ ಬರುತ್ತಿತ್ತು. ಅಂಬಾಸಿಡರಿನಲ್ಲಿದ್ದ ರ‍್ಯಾಕ್ ಅಂಡ್ ಪಿನಿಯನ್, 1983ರಲ್ಲಿ ಬಂದ ಮಾರುತಿ 800ರ ಮೂಲಕ ಮನೆಮನೆಯ ಕಾರಿನ ರೂಢಿಯಾಯಿತು. ಕೀಲುಗಳು ಕಡಿಮೆಯಾದವು, ಆದ್ದರಿಂದಲೇ ಉಳಿದ ಒಂದೊಂದರ ಮೇಲೂ ಕಣ್ಣಿಡಬೇಕು.

ಪರೀಕ್ಷೆಗೆ ಇಬ್ಬರು ಬೇಕು. ಕಾರು ನಾಲ್ಕೂ ಚಕ್ರದ ಮೇಲೆ, ಗ್ಯಾರೇಜಿನ ಗುಂಡಿಯ ಮೇಲೋ ರ‍್ಯಾಂಪಿನ ಮೇಲೋ ನಿಂತಿರಲಿ, ಎಂಜಿನ್ ಆರಿರಲಿ. ಒಬ್ಬರು ಸ್ಟೀರಿಂಗನ್ನು ಎರಡು ಬೆರಳಿನಷ್ಟು ಅತ್ತಿತ್ತ ಆಡಿಸಲಿ. ಇನ್ನೊಬ್ಬರು ಕೀಲಿನ ಮೇಲೆ, ಗುಂಡಿನ ಮನೆಯೂ ಚಕ್ರದ ಆರ್ಮೂ ಸೇರುವ ಕಡೆ, ಬೆರಳಿಡಲಿ. ಎರಡೂ ಒಟ್ಟಿಗೆ ಚಲಿಸಿದರೆ ಸರಿ. ಒಂದು ಹೊರಟ ಮೇಲೆ ಇನ್ನೊಂದು ಹೊರಟರೆ ಕೀಲು ಹೋಗಿದೆ. ಕಣ್ಣಿಗೆ ಕಾಣದ ಆಟ ಬೆರಳಿಗೆ ಸಿಗುತ್ತದೆ; ಈ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಕ್ಷಣ ಇದು. ಆಮೇಲೆ ರ‍್ಯಾಕಿನ ಬದಿಯ ಮಡಿಕೆ ರಬ್ಬರನ್ನು ಅದುಮಿ ಹಿಡಿದು ಒಳಗಿನ ರ‍್ಯಾಕ್ ಎಂಡನ್ನೂ ಹೀಗೆಯೇ ನೋಡಬೇಕು. ಹೊರಗಿನದನ್ನು ಬದಲಾಯಿಸಿ ಒಳಗಿನದನ್ನು ಮರೆತ ಗಾಡಿಗಳು ತಿಂಗಳೊಳಗೆ ಅದೇ ದೂರು ಹೊತ್ತು ಬರುತ್ತವೆ.

ಚಕ್ರ ಎತ್ತಿ ಎಡಬಲ ಹಿಡಿದು ಅಲುಗಿಸುವುದು ಎಲ್ಲರಿಗೂ ಗೊತ್ತಿರುವ ಪರೀಕ್ಷೆ. ಎಡಬಲಕ್ಕೆ ಮಾತ್ರ ಆಡಿದರೆ ಸ್ಟೀರಿಂಗಿನ ಕೀಲನ್ನು ಶಂಕಿಸಿ. ಮೇಲೆ ಕೆಳಗೆ ಹಿಡಿದಾಗಲೂ ಆಡಿದರೆ ಬೇರಿಂಗನ್ನೋ ಕೆಳಗಿನ ಬಾಲ್ ಜಾಯಿಂಟನ್ನೋ ನೋಡಿ.

ಬಿಚ್ಚುವಾಗ ಆತುರ ಕೆಟ್ಟದ್ದು. ಕಾರಿನ ಜಾಕಿಯನ್ನಷ್ಟೇ ನಂಬಿ ಕೆಳಗೆ ಕೈ ಹಾಕಬೇಡಿ, ಸ್ಟ್ಯಾಂಡ್ ಕೊಡಿ. ಕೀಲು ಇನ್ನೂ ಆರ್ಮಿನಲ್ಲಿ ಬಿಗಿಯಾಗಿರುವಾಗಲೇ ಅದನ್ನು ಟೈ ರಾಡಿಗೆ ಬಿಗಿಹಿಡಿದ ಚೆಕ್ ನಟ್ಟನ್ನು ಕಾಲು ಸುತ್ತು ಸಡಿಲಿಸಿ, ಮರೆಯ (ಥ್ರೆಡ್ಡಿನ) ಮೇಲೆ ಬಣ್ಣದ ಗುರುತು ಹಾಕಿ. ಕೀಲಿನ ಕಡ್ಡಿ ಮೊನೆಯಾಗಿ ಕಿರಿದಾಗುತ್ತ ಆರ್ಮಿನ ತೂತಿನಲ್ಲಿ ಕಚ್ಚಿಕೊಂಡಿರುತ್ತದೆ. ಆ ಕಡ್ಡಿಯ ನಟ್ಟನ್ನು ತುದಿಯವರೆಗೆ ಸಡಿಲಿಸಿ ಅಲ್ಲೇ ಬಿಡಿ. ಆರ್ಮಿನ ಕಣ್ಣಿನ ಪಕ್ಕಕ್ಕೆ ಸುತ್ತಿಗೆಯ ಒಂದೆರಡು ನೇರ ಪೆಟ್ಟು ಬಿದ್ದರೆ ಕಡ್ಡಿ ತಾನೇ ಕಳಚುತ್ತದೆ. ಪುಲ್ಲರ್ ಇದ್ದರೆ ಇನ್ನೂ ಒಳ್ಳೆಯದು. ಕಡ್ಡಿಯ ತಲೆಗೇ ಬಡಿದು ಮರೆ ಹಾಳುಮಾಡುವ ಅಭ್ಯಾಸ ನಮ್ಮ ಎಷ್ಟೋ ಗ್ಯಾರೇಜುಗಳಲ್ಲಿದೆ, ಬಿಡಬೇಕು.

ಹಳೆಯದನ್ನು ಬಿಚ್ಚುವಾಗ ಎಷ್ಟು ಸುತ್ತು ಬಂತೆಂದು ಎಣಿಸಿ, ಹೊಸದನ್ನು ಅಷ್ಟೇ ಸುತ್ತು ಕೂರಿಸಬೇಕು. ಇದರ ಬೆಲೆ ಲೆಕ್ಕದಲ್ಲಿ ನೋಡಿ. ಮರೆಯ ಅಂತರ 1.5 ಮಿ.ಮೀ., ಆರ್ಮಿನ ಉದ್ದ 13 ಸೆಂ.ಮೀ. ಎಂದುಕೊಳ್ಳೋಣ. ಅರ್ಧ ಸುತ್ತು ತಪ್ಪಿದರೆ ಸಣ್ಣ ಕಾರಿನ ಟೈರಿನ ಮುಂದಂಚು ಹಿಂದಂಚುಗಳ ನಡುವೆ ಸುಮಾರು 3 ಮಿ.ಮೀ. ವ್ಯತ್ಯಾಸ ಬರುತ್ತದೆ. ಆ ಓರೆಯಲ್ಲೇ ಗಾಡಿ ಓಡಿದರೆ ಮುಂದಿನ ಎರಡು ಟೈರುಗಳು ಸೇರಿ ಪ್ರತಿ ಕಿಲೋಮೀಟರಿಗೆ ಐದು ಮೀಟರಿಗೂ ಹೆಚ್ಚು ಅಡ್ಡಕ್ಕೆ ಉಜ್ಜಿಕೊಳ್ಳುತ್ತವೆ. ಮೈಸೂರು ಬಿಟ್ಟು ಬೆಂಗಳೂರು ಸೇರುವಷ್ಟರಲ್ಲಿ ಮುಕ್ಕಾಲು ಕಿಲೋಮೀಟರ್! ಟೈರಿನ ಅಂಚು ಗರಗಸದಂತಾಗಲು ಬೇರೆ ಕಾರಣ ಬೇಕಿಲ್ಲ.

ಕಡ್ಡಿಯ ಮೊನೆ, ಆರ್ಮಿನ ತೂತು ಎರಡನ್ನೂ ಒರೆಸಿ ಒಣಗಿಸಿ ಕೂರಿಸಿ, ಅಲ್ಲಿ ಗ್ರೀಸ್ ಬೇಡ. ನಟ್ಟನ್ನು ಕಾರಿನ ಕೈಪಿಡಿ ಹೇಳಿದಷ್ಟೇ ಬಿಗಿಯಿರಿ. ಪಿನ್ನಿನ ತೂತು ಕೂಡದಿದ್ದರೆ ಇನ್ನಷ್ಟು ಬಿಗಿದು ಕೂಡಿಸಬೇಕೇ ಹೊರತು ಸಡಿಲಿಸಬಾರದು. ಸ್ಪ್ಲಿಟ್ ಪಿನ್ ಹೊಸದೇ ಆಗಿರಲಿ.

ಎರಡೂ ಬದಿ ಒಟ್ಟಿಗೆ ಬದಲಾಯಿಸಿ ಎನ್ನುತ್ತೇನೆ, ಎರಡೂ ನಡೆದದ್ದು ಒಂದೇ ದಾರಿ. ಬಿಡಿಭಾಗ ಕೊಳ್ಳುವಾಗ ಅಗ್ಗದ ಹೆಸರಿಲ್ಲದ ಮಾಲು ಬೇಡ. ಅದರ ಗುಂಡಿಗಿಂತ ಮೊದಲು ರಬ್ಬರೇ ಸೀಳುತ್ತದೆ. ಈ ವಿಷಯದಲ್ಲಿ ನಮ್ಮ ಊರಿಗೆ ಹೆಮ್ಮೆಪಡಲು ಕಾರಣವಿದೆ. 1929ರಲ್ಲಿ ಕಾರು ಮಾರಾಟದ ಸಂಸ್ಥೆಯಾಗಿ ಹುಟ್ಟಿ, ಇಂದು ಸ್ಟೀರಿಂಗ್ ಗೇರು, ಕೀಲುಗಳನ್ನು ತಯಾರಿಸುವ ರಾಣೆ (ಮದ್ರಾಸ್) ಕಂಪನಿಯ ಕಾರ್ಖಾನೆ ಮೈಸೂರಿನಲ್ಲೂ ಇದೆ. ಹುಣಸೂರು ರಸ್ತೆಯ ಬದಿಯ ಹೂಟಗಳ್ಳಿಯಲ್ಲಿ ಆಟೋಮೋಟಿವ್ ಆಕ್ಸಲ್ಸ್ ಲಾರಿ, ಬಸ್ಸುಗಳ ಆಕ್ಸಲ್ ತಯಾರಿಸುತ್ತದೆ. ಚಕ್ರದ ಹಿಂದಿನ ಇಷ್ಟೊಂದು ಉಕ್ಕಿನ ಕೆಲಸ ನಡೆಯುವ ಊರಿನಲ್ಲಿ ಒಳ್ಳೆಯ ಕೀಲಿಗೆ ದುಡ್ಡು ಕೊಡಲು ಹಿಂಜರಿಯಬಾರದು.

ಸುತ್ತು ಎಷ್ಟೇ ಜಾಣತನದಿಂದ ಎಣಿಸಿದ್ದರೂ ಅಲೈನ್‌ಮೆಂಟ್ ಈಗ ಮಾಡಿಸಲೇಬೇಕು. ಎಣಿಕೆ ಅಂಗಡಿ ಮುಟ್ಟುವವರೆಗಿನ ಆಸರೆ ಅಷ್ಟೇ. ಮೊದಲು ಟೈರಿನ ಗಾಳಿ ಸರಿ ಮಾಡಿಸಿ. ಸ್ಟೀರಿಂಗನ್ನು ನೇರಕ್ಕೆ ಕಟ್ಟಿ ನಿಲ್ಲಿಸಿದ ಮೇಲೆಯೇ ಎರಡೂ ಬದಿಯ ಟೈ ರಾಡು ಸರಿಹೊಂದಿಸಲು ಹೇಳಿ. ಒಂದೇ ಬದಿ ತಿರುಗಿಸಿದರೆ ಅಂಕಿ ಹಸಿರಾದರೂ ನೇರ ರಸ್ತೆಯಲ್ಲಿ ಸ್ಟೀರಿಂಗ್ ಓರೆಯಾಗಿ ನಿಲ್ಲುತ್ತದೆ. ಕೆಲಸ ಮುಗಿದ ಮೇಲೆ ಚೆಕ್ ನಟ್ ಎರಡೂ ಬಿಗಿದಿವೆಯೇ ಎಂದು ಸ್ಪ್ಯಾನರ್ ಹಾಕಿಸಿ ನೋಡಿಯೇ ಗಾಡಿ ಇಳಿಸಿಕೊಳ್ಳಿ.